ಗೋಲಿಯ ತಪ್ಪು

ಆ ಊರಿನ ನಟ್ಟನಡುವೆ ಹಾಕಿ ಮೈದಾನವಿತ್ತು. ಮನೆಗಳೆಲ್ಲ ಮೈದಾನದ ಸುತ್ತ ಇದ್ದವು, ಬಾಗಿಲುಗಳೆಲ್ಲ ಮೈದಾನಕ್ಕೇ ತೆರೆಯುತ್ತಿದ್ದವು. ಎದ್ದವರು ಮೊದಲು ನೋಡುತ್ತಿದ್ದದ್ದು ಆ ಕೆಂಪು ನೆಲವನ್ನು, ಬಾಗಿಲು ಹಾಕುವಾಗ ಕೊನೆಗೆ ನೋಡುತ್ತಿದ್ದದ್ದೂ ಅದನ್ನೇ. ಮೈದಾನದ ಈ ಬದಿಗೆ ಕಲ್ಲಿನ ಉದ್ದ ಕಟ್ಟೆ. ಆ ಬದಿಗೆ ಹೆಂಚಿನ ಉದ್ದ ಮನೆ. ಕಟ್ಟೆಯ ಮೇಲೆ ಊರು ಕೂರುತ್ತಿತ್ತು. ಮನೆಯೊಳಗೆ ತಂಡ ಇರುತ್ತಿತ್ತು.

ತಂಡದವರಿಗೆ ಆಟವೇ ಕಸುಬು. ಊರು ಅವರಿಗೆ ಉಣ್ಣಲು ಕೊಡುತ್ತಿತ್ತು, ಉಡಲು ಕೊಡುತ್ತಿತ್ತು, ಅವರು ಊರಿಗಾಗಿ ಆಡುತ್ತಿದ್ದರು. ಆ ಮನೆಯನ್ನು ಒಮ್ಮೆ ಹೊಕ್ಕವರು ಆಟಕ್ಕಲ್ಲದೆ ಬೇರೆ ಯಾವುದಕ್ಕೂ ಹೊರಗೆ ಬರುವಂತಿರಲಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟಂತೆ ಹೆಸರನ್ನೂ ಬಿಟ್ಟು ಒಳಗೆ ಹೋಗಬೇಕಿತ್ತು. ಅಲ್ಲಿಂದ ಮುಂದೆ ಎಡಗಡೆ ಆಡುವವನು ಎಡಗಡೆಯವನು, ನಡುವೆ ಆಡುವವನು ನಡುವಿನವನು, ಗೋಲು ಕಾಯುವವನು ಗೋಲಿ. ಹೆಂಡತಿಯೂ ಹಾಗೇ ಕರೆಯಬೇಕು, ಹೆತ್ತ ತಾಯಿಯೂ ಹಾಗೇ ಕರೆಯಬೇಕು.

ಹೊರಬರುವ ದಾರಿ ಒಂದೇ. ಆಟ ಮುಗಿದ ಸಂಜೆ ಕಟ್ಟೆಯ ಮೇಲೆ ಮಾತು ನಡೆಯುತ್ತಿತ್ತು. ಕಟ್ಟೆಯ ಹಿರಿಯ ಒಂದು ಹಳೆಯ ಹಾಕಿ ಸ್ಟಿಕ್ಕನ್ನು ಕಲ್ಲಿನ ಮೇಲೆ ಅಡ್ಡ ಇಡುತ್ತಿದ್ದ. ಇಂಥ ಆಟಗಾರ ಇಂಥ ತಪ್ಪು ಮಾಡಿದ, ನಾನು ಕಣ್ಣಾರೆ ಕಂಡೆ ಎಂದು ಹೇಳುವವರು ಎದ್ದು ಬಂದು ಆ ಸ್ಟಿಕ್ಕನ್ನು ದಾಟಬೇಕು. ಹಿರಿಯ ಕೂತವರನ್ನು ಮೂರು ಸಲ ಕೇಳುತ್ತಿದ್ದ, "ಹೇಳಿದ್ದು ಖರೇ ಏನು?" ಮೂರು ಸಲವೂ ಊರು "ಖರೇ" ಎಂದರೆ ತಪ್ಪು ಮಾಡಿದವನು ಆ ಮನೆಯಿಂದ ಹೊರಗೆ ಬರುತ್ತಿದ್ದ. ಆ ತಪ್ಪನ್ನು ಎತ್ತಿ ಹೇಳಿದವನು ಅವನ ಜಾಗಕ್ಕೆ ಒಳಗೆ ಹೋಗುತ್ತಿದ್ದ.

ಇದು ಆ ಊರಿನ ನಿಯಮ. ಯಾರು ಮಾಡಿದ್ದೆಂದು ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಗಂಡು ಹೆಣ್ಣೆಂಬ ಭೇದವಿರಲಿಲ್ಲ. ಮುರಿಯಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಹೀಗಾಗಿ ಊರು ಹೆಸರೆತ್ತದೆ ಮಾತಾಡುವುದನ್ನು ಕಲಿತಿತು. ತಂಡ ಸೋಲುತ್ತಿತ್ತು, ಊರು ಗಾಳಿಯನ್ನು ಬೈಯುತ್ತಿತ್ತು. ತಂಡ ಮತ್ತೆ ಸೋಲುತ್ತಿತ್ತು, ಊರು ಬಿಸಿಲನ್ನು ಬೈಯುತ್ತಿತ್ತು. ಚೆಂಡನ್ನು ಬೈದರು, ಸುಣ್ಣದ ಗೆರೆಯನ್ನು ಬೈದರು, ಪಕ್ಕದ ಊರಿನವರು ಉಣ್ಣುವ ಜೋಳವನ್ನೂ ಬೈದರು.

"ಇವತ್ತ ಗಾಳಿ ಎದುರಿಗಿತ್ತು, ಅದಕ್ಕ ಹಿಂಗಾತು," ಎನ್ನುತ್ತಿದ್ದ ಚಾದಂಗಡಿಯವನು.

"ಗಾಳಿ ಅಷ್ಟ ಅಲ್ಲ, ಎಡಗಡೆ ಸ್ವಲ್ಪ ತೆಳು ಆತು ಅನಸ್ತೈತಿ ನನಗ," ಎಂದಿದ್ದ ಒಮ್ಮೆ ಶಾಲೆಯ ಮಾಸ್ತರ.

ಕಟ್ಟೆಯ ಮೇಲೆ ಕೂತವರೆಲ್ಲ ತಟ್ಟನೆ ಅವನತ್ತ ತಿರುಗಿದ್ದರು. ಹಿರಿಯ ಸ್ಟಿಕ್ಕನ್ನು ನೋಡಿದ, ಆಮೇಲೆ ಮಾಸ್ತರನನ್ನು ನೋಡಿದ.

"ನೆಲದ ಮಾತು ಹೇಳಿದ್ನಿರೀ ನಾ," ಎಂದ ಮಾಸ್ತರ ಬೆವರು ಒರೆಸಿಕೊಂಡು. "ಎಡಗಡೆ ನೆಲಾ ತೆಳು. ಒಂದೆರಡು ಬುಟ್ಟಿ ಮಣ್ಣು ಹಾಕಿದ್ರ ಸರಿ ಹೋಗ್ತೈತಿ."

ಮರುದಿನ ಊರವರು ಎಡಗಡೆಗೆ ಮಣ್ಣು ಹೊತ್ತು ಹಾಕಿದರು. ತಂಡ ಮತ್ತೆ ಸೋತಿತು.

ಗೋಲಿಗೆ ಒಬ್ಬ ಮಗಳಿದ್ದಳು, ಹೆಸರು ರಾಚವ್ವ. ಅವಳು ಅವ್ವನ ಕಂಕುಳಲ್ಲಿದ್ದಾಗ ಅಪ್ಪ ಒಂದು ಸಂಜೆ ಸ್ಟಿಕ್ಕು ದಾಟಿದ್ದ. ಆಗಿನ ಗೋಲಿ ಬಲಕ್ಕೆ ಬೀಳುವುದು ತಡ ಎಂದಿದ್ದ. ಅದು ನಿಜವೇ ಆಗಿತ್ತು. ಅವತ್ತು ಒಲೆಯ ಮೇಲಿದ್ದ ಸಾರು ಅವನಿಗೆ ಉಣ್ಣಲು ಸಿಗಲಿಲ್ಲ. ಕಟ್ಟೆಯಿಂದ ನೇರ ಆ ಮನೆಗೆ ಹೋದ. ಅವನಾದ ಮೇಲೆ ಆ ಊರಲ್ಲಿ ಯಾರೂ ಸ್ಟಿಕ್ಕು ದಾಟಿರಲಿಲ್ಲ.

ರಾಚವ್ವ ಗೋಲಿನ ಹಿಂದೆ, ಬಲೆಯ ಈಚೆಗೆ ಕೂತು ಬೆಳೆದಳು. ಚೆಂಡು ದೂರ ಹೋದಾಗ ಅಪ್ಪ ಹಿಂದೆ ಸರಿದು ಬಲೆಗೆ ಬೆನ್ನು ತಾಗಿಸಿ ನಿಲ್ಲುತ್ತಿದ್ದ. ಆಗ ಒಂದೆರಡು ಮಾತು. ಉಂಡೆಯಾ, ಉಂಡೆ. ಮನೆ ಸೋರುತ್ತದೆಯಾ, ಸೋರುತ್ತದೆ. ಅಷ್ಟರಲ್ಲಿ ಚೆಂಡು ಬರುತ್ತಿತ್ತು. ಆ ತಂಡಕ್ಕೆ ಚೆಂಡನ್ನು ದೂರ ಇಟ್ಟುಕೊಳ್ಳುವುದು ಗೊತ್ತಿರಲಿಲ್ಲ, ಆದ್ದರಿಂದ ಅಪ್ಪ ಮಗಳ ಮಾತು ಯಾವತ್ತೂ ಪೂರ್ತಿಯಾಗುತ್ತಿರಲಿಲ್ಲ. ಅವ್ವ ತೀರಿಕೊಂಡ ಸುದ್ದಿಯನ್ನೂ ರಾಚವ್ವ ಬಲೆಯ ಈಚೆಯಿಂದಲೇ ಹೇಳಿದ್ದಳು. ಅವನು ಅವಳತ್ತ ತಿರುಗುವಷ್ಟರಲ್ಲಿ ಚೆಂಡು ಬಂದಿತು. ಅವನು ಚೆಂಡಿನತ್ತ ಹೊರಳಬೇಕಾಯಿತು.

ಈ ಹಂಗಾಮಿನಲ್ಲಿ ತಂಡ ಯಾವ ಹಂಗಾಮಿನಲ್ಲೂ ಸೋಲದಷ್ಟು ಸೋತಿತು. ಎಲ್ಲ ಊರುಗಳ ತಂಡಗಳ ಕೆಳಗೆ ಅದು ಇತ್ತು, ಅದರ ಕೆಳಗೆ ಯಾವುದೂ ಇರಲಿಲ್ಲ. ಆಟಗಾರರಿಗೆ ವಯಸ್ಸಾಗಿತ್ತು. ಎಡಗಡೆಯವನ ತಲೆ ಬೆಳ್ಳಗಾಗಿತ್ತು. ನಡುವಿನವನು ಓಡುತ್ತ ಓಡುತ್ತ ಮೊಣಕಾಲು ಹಿಡಿದುಕೊಂಡು ನಿಲ್ಲುತ್ತಿದ್ದ. ಊರು ಮಾತ್ರ ಪ್ರತಿ ಸಂಜೆ ಒಂದು ಮಾತನ್ನು ಒಮ್ಮತದಿಂದ ಹೇಳುತ್ತಿತ್ತು. ಗೋಲಿಯದು ತಪ್ಪಿಲ್ಲ. ಗೋಲಿ ಒಬ್ಬ ಇಲ್ಲದಿದ್ದರೆ ಇನ್ನೂ ಎಷ್ಟು ಆಗುತ್ತಿತ್ತೋ. ಇಂಥ ಗೋಲಿಯನ್ನು ಯಾವ ಊರೂ ಕಂಡಿಲ್ಲ.

ಇದನ್ನು ಕೇಳಿ ಕೇಳಿ ಗೋಲಿಗೆ ಒಂದು ದಿನ ತಡೆಯಲಾಗಲಿಲ್ಲ. ಮೆಲ್ಲಗೆ ಉರುಳಿ ಬಂದ ಚೆಂಡನ್ನು ಕಾಲೆತ್ತಿ ಒಳಗೆ ಬಿಟ್ಟ. ಇನ್ನೊಂದು ಬಂತು, ಅದನ್ನೂ ಬಿಟ್ಟ. ಕೈ ಕಟ್ಟಿ ನಿಂತು ಮತ್ತೊಂದನ್ನು ಬಿಟ್ಟ. ಸಂಜೆ ಹೊರಬರಬಹುದೆಂದು ಹೊಸ್ತಿಲ ಬಳಿ ಕಾದು ಕೂತ.

"ಪಾಪ, ಒಬ್ಬನ ಎಷ್ಟಂತ ಹಿಡೀತಾನ?" ಎಂದ ಚಾದಂಗಡಿಯವನು ಆ ಸಂಜೆ.

"ಕೈ ಕಟ್ಟಿ ನಿಂತದ್ದು ನೋಡಿದ್ರಿಲ್ಲೋ? ಎಂಥಾ ಧೈರ್ಯ!" ಎಂದ ಮಾಸ್ತರ.

ಕೆಲವು ಆಟಗಳಾದ ಮೇಲೆ ರಾಚವ್ವ ಬೇರೆ ಏನನ್ನೋ ಕಂಡಳು. ಅಪ್ಪ ಚೆಂಡನ್ನು ನೋಡುತ್ತಿರಲಿಲ್ಲ. ಸ್ಟಿಕ್ಕಿನ ಸದ್ದು ಬಂದ ಕಡೆಗೆ ಕಿವಿ ತಿರುಗಿಸುತ್ತಿದ್ದ. ಸದ್ದಿಲ್ಲದೆ ಬಂದ ಚೆಂಡು ಅವನ ಕಾಲ ಸಂದಿಯಲ್ಲಿ ಹೋಗಿ ಬಲೆಗೆ ಬಿದ್ದ ಮೇಲೂ ಅವನು ಮುಂದೆಯೇ ನೋಡುತ್ತಿದ್ದ.

ಅವನು ಬಲೆಗೆ ಬೆನ್ನು ಕೊಟ್ಟು ನಿಂತಾಗ ಅವಳು ಕೇಳಿದಳು, "ಅಪ್ಪಾ, ಚೆಂಡು ಕಾಣಸ್ತೈತೇನು ನಿನಗ?"

"ಬಂದು ಬಡದ ಮ್ಯಾಲ ಗೊತ್ತಾಗ್ತೈತಿ."

"ಎಂದಿಂದ ಹಿಂಗ?"

"ಮದಲ ಆ ಕಡೆ ಗೋಲು ಕಾಣದಂಗಾತು. ಆಮ್ಯಾಲ ನಡುವಿನ ಗೆರಿ. ಈಗ ನನ್ನ ಕೈ ನನಗ ಮಬ್ಬ," ಎಂದ ಅವನು, ಬೇರೆ ಯಾರದೋ ಸಂಗತಿ ಹೇಳುವವನಂತೆ. ಸ್ಟಿಕ್ಕಿನ ಸದ್ದು ಕೇಳಿಸಿತು. ಅವನು ಮುಂದೆ ಸರಿದ.

ರಾಚವ್ವ ಮೊದಲು ಹಳೆಯ ಗೋಲಿಯ ಮನೆಗೆ ಹೋದಳು. ಅಪ್ಪ ಒಳಗೆ ಹೋಗಿದ್ದರಿಂದ ಹೊರಗೆ ಬಂದ ಮನುಷ್ಯ ಅವನು. ಮುದುಕನಾಗಿದ್ದ, ಬಾಗಿಲಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದ.

"ಅಜ್ಜಾ, ನಮ್ಮಪ್ಪಗ ಕಣ್ಣು ಹೋಗ್ಯಾವು. ನೀವು ಗೋಲಿನಾಗ ನಿಂತವರು, ನಿಮಗ ತಿಳೀತೈತಿ. ಕಟ್ಟಿ ಮ್ಯಾಲ ಒಂದ ಮಾತ ಹೇಳ್ರಿ."

"ನನ್ನನ್ನ ಹೊರಗ ತಂದವನು ನಿಮ್ಮಪ್ಪ. ಅವನ ತಪ್ಪು ನಾ ಎತ್ತಲಿ? ನಾಲಿಗಿ ಬಿದ್ದು ಹೋಗ್ತೈತಿ," ಎಂದ ಮುದುಕ.

"ಎತ್ತಿದ್ರನ ಅವ ಹೊರಗ ಬರೂದು."

"ಮತ್ತ ನಾ ಒಳಗ ಹೋಗೂದು," ಎಂದು ಮುದುಕ ತನ್ನ ಕಾಲುಗಳನ್ನು ನೋಡಿಕೊಂಡ. ಆಮೇಲೆ ಮುಖ ಆಚೆ ಹೊರಳಿಸಿದ. "ಇಂಥಾ ಗೋಲಿನ್ನ ಯಾವ ಊರೂ ಕಂಡಿಲ್ಲ ತಂಗಿ. ನಾ ದಿನಾ ಹೇಳ್ತೀನಿ."

ಚಾದಂಗಡಿಯವನು ಅವಳಿಗೆ ಚಾ ಕೊಟ್ಟ, ಬಿಸಿಲು ಈ ವರ್ಷ ಬಹಳ ಎಂದ. ಮಾಸ್ತರ ಅವಳು ಬರುವುದನ್ನು ಕಂಡು ಹಿತ್ತಲ ಬಾಗಿಲಿಂದ ಹೋದ. ಕೊನೆಗೆ ಅವಳು ಹಿರಿಯನ ಮುಂದೆ ಹೋಗಿ ನಿಂತಳು.

"ನಾ ಕೇಳುವವ, ಹೇಳುವವ ಅಲ್ಲ," ಎಂದ ಹಿರಿಯ. "ನೋಡವ್ವಾ, ಈ ಊರಾಗ ಯಾರೂ ಯಾರಿಗೂ ಕೆಟ್ಟ ಅಂದಿಲ್ಲ ಇಷ್ಟು ವರ್ಷ. ಎಷ್ಟು ಸಮಾಧಾನದಾಗ ಇದ್ದೀವಿ. ಇದನ್ಯಾಕ ಕೆಡಸ್ತೀ?"

ಆ ವಾರದ ಆಟದಲ್ಲಿ ಪೆನಾಲ್ಟಿ ಕಾರ್ನರಿನಿಂದ ಎದ್ದ ಚೆಂಡು ಗೋಲಿಯ ಹುಬ್ಬಿಗೆ ಬಡಿಯಿತು. ಅವನು ಕೈ ಎತ್ತಲೂ ಇಲ್ಲ, ತಲೆ ತಪ್ಪಿಸಲೂ ಇಲ್ಲ. ಕಂಬ ಬಿದ್ದಂತೆ ಬಿದ್ದ. ಎದುರು ತಂಡದ ಹುಡುಗನೊಬ್ಬ ಓಡಿ ಬಂದು ಅವನನ್ನು ಎಬ್ಬಿಸಿದ, ತನ್ನ ಅಂಗಿಯ ತುದಿಯಿಂದ ರಕ್ತ ಒರೆಸಿದ, ಕಟ್ಟೆಯ ಕಡೆ ತಿರುಗಿ, "ಇವರಿಗೆ ಕಣ್ಣು ಕಾಣಿಸೋದಿಲ್ಲ, ಯಾಕೆ ನಿಲ್ಲಿಸೀರಿ?" ಎಂದು ಕೂಗಿದ. ಕಟ್ಟೆ ಆಕಾಶ ನೋಡಿತು. ಗೋಲಿ ತಡವರಿಸಿ ಕಂಬ ಹಿಡಿದು ಮತ್ತೆ ತನ್ನ ಜಾಗಕ್ಕೆ ನಿಂತ.

ಸಂಜೆ ಹಿರಿಯ ಸ್ಟಿಕ್ಕು ಇಟ್ಟ. ಹಂಗಾಮು ಮುಗಿಯುತ್ತ ಬಂದಿದ್ದರಿಂದ ಅವತ್ತು ತಂಡದ ಮುಂದಿನ ಮಾತು ಎದ್ದಿತು.

"ಮುಂದಿನ ವರ್ಷ ಹೊರಗಿನಿಂದ ಯಾರನ್ನಾದರೂ ಕರಸೂಣು," ಎಂದ ಮಾಸ್ತರ. "ಆಟಾ ಕಲಸಾಕ."

"ಅವ ಬಂದು ಇಂಥವ ಸರಿ ಇಲ್ಲ ಅಂದ್ರ?" ಎಂದರು ಹಿಂದೆ ಕೂತವರೊಬ್ಬರು.

"ಅವಗ ಮದಲ ನಮ್ಮ ನಿಯಮ ಹೇಳಬೇಕು."

"ಹೇಳಿದ್ರ ಅವ ಬರಾಂಗಿಲ್ಲ."

ಚಾದಂಗಡಿಯವನು ಮೆಲ್ಲಗೆ, "ತಂಡಾನ ಬಿಟ್ಟುಬಿಟ್ರ ಹೆಂಗ?" ಎಂದ. ಅಂದ ಮೇಲೆ ತಾನೇ ಹೆದರಿದ.

"ಬಿಟ್ಟು ಸಂಜಿ ಮುಂದ ಏನ ಮಾಡೂದು?" ಎಂದ ಹಳೆಯ ಗೋಲಿ.

"ಮನ್ಯಾಗ ಕೂಡೂದು."

"ಕೂತು?"

ಮಾತು ಮತ್ತೆ ಗಾಳಿಗೆ ಬಂತು, ಗಾಳಿಯಿಂದ ಬಿಸಿಲಿಗೆ ಬಂತು, ಬಿಸಿಲಿನಿಂದ ಗೋಲಿಗೆ ಬಂತು. ಹುಬ್ಬು ಒಡೆದರೂ ಎದ್ದು ನಿಂತನಲ್ಲ, ಇಂಥವನು ಇರುವ ತನಕ ನಮಗೇನು ಎಂದರು.

ರಾಚವ್ವ ಎದ್ದಳು. ಕೂತವರ ನಡುವೆ ದಾರಿ ಮಾಡಿಕೊಂಡು ಬಂದಳು. ಸೀರೆಯ ನಿರಿಗೆ ಹಿಡಿದು ಸ್ಟಿಕ್ಕು ದಾಟಿದಳು.

"ಗೋಲಿಯದು ತಪ್ಪು," ಎಂದಳು. "ಚೆಂಡು ಬರೂದು ಅವಗ ಕಾಣಂಗಿಲ್ಲ. ಅವ ಕುರುಡ. ನಾ ಬಲಿ ಹಿಂದ ಕೂತು ಕಣ್ಣಾರೆ ಕಂಡೀನಿ."

"ಹೇಳಿದ್ದು ಖರೇ ಏನು?" ಎಂದ ಹಿರಿಯ. ಬಹಳ ವರ್ಷ ಕೇಳದೆ ಇದ್ದುದರಿಂದ ಅವನ ದನಿ ಒಡೆಯಿತು.

"ಖರೇ," ಎಂದಿತು ಕಟ್ಟೆ. ಎರಡನೆಯ ಸಲವೂ ಖರೇ ಎಂದಿತು. ಮೂರನೆಯ ಸಲ ಕೂಗಿಯೇ ಹೇಳಿತು. ಎಲ್ಲರಿಗೂ ಗೊತ್ತಿತ್ತು. ಯಾರಾದರೊಬ್ಬರು ಮೊದಲು ದಾಟಲಿ ಎಂದು ಎಲ್ಲರೂ ಕಾದಿದ್ದರು.

ತಂಡದ ಮನೆಯ ಹೊಸ್ತಿಲಲ್ಲಿ ಅಪ್ಪನ ಕಾಲಿನ ಪ್ಯಾಡು ಬಿಚ್ಚಿ ಮಗಳ ಕಾಲಿಗೆ ಕಟ್ಟಿದರು. ಅದು ಇನ್ನೂ ಬೆಚ್ಚಗಿತ್ತು. ಬಲೆಯಿಲ್ಲದೆ ಅಪ್ಪ ಮಗಳು ಎದುರುಬದುರು ನಿಂತದ್ದು ಅದೇ ಮೊದಲು.

"ಯಾಕ ಬಂದಿ?" ಎಂದ ಅವನು. ಅವನಿಗೆ ಸಿಟ್ಟು ಬಂದಿತ್ತು.

"ನೀ ಹೊರಗ ಹೋಗಾಕ."

"ನೀ ಒಳಗಿದ್ದ ಮ್ಯಾಲ ನನಗ ಹೊರಗೆಲ್ಲಿ ಐತಿ?" ಅವನು ಅವಳ ಮುಖ ತಡವಿದ, ಹಣೆ, ಮೂಗು, ಗಲ್ಲ. "ಇಷ್ಟ ದೊಡ್ಡಾಕಿ ಆಗೀಯಲ್ಲ."

"ಹೊತ್ತಾತು," ಎಂದರು ಪಕ್ಕದಲ್ಲಿದ್ದವರು. ಅವಳು ಚಪ್ಪಲಿ ಬಿಟ್ಟಳು, ಹೆಸರು ಬಿಟ್ಟಳು, ಒಳಗೆ ಹೋದಳು. ಅವನು ಹೊರಗೆ ಬಂದ. ನಿಯಮದಂತೆ ಅವನ ಹೆಸರನ್ನು ಅವನಿಗೆ ಮರಳಿ ಕೊಡಬೇಕಿತ್ತು, ಅದು ಏನೆಂದು ನೆನಪಾಗಲು ಊರಿಗೆ ಹೊತ್ತು ಹಿಡಿಯಿತು. ಯಮನೂರಪ್ಪ ಎಂದು ಕೊನೆಗೆ ಹಳೆಯ ಗೋಲಿ ಹೇಳಿದ.

ಮರು ಆಟದಲ್ಲಿ ರಾಚವ್ವ ಬಂದ ಚೆಂಡುಗಳನ್ನೆಲ್ಲ ಬಿಟ್ಟಳು. ಎಲ್ಲಿ ನಿಲ್ಲಬೇಕು, ಎತ್ತ ಬೀಳಬೇಕು ಅವಳಿಗೆ ತಿಳಿದಿರಲಿಲ್ಲ. ಸಂಜೆ ಯಮನೂರಪ್ಪ ತಡವುತ್ತ ಕಟ್ಟೆ ಹತ್ತಿದ. ಕಾಲಿನಿಂದ ಸ್ಟಿಕ್ಕನ್ನು ಹುಡುಕಿ ದಾಟಿದ.

"ಗೋಲಿಯದು ತಪ್ಪು. ಆಕಿಗೆ ನಿಲ್ಲಾಕ ಬರಾಂಗಿಲ್ಲ. ಆಕೀನ್ನ ಹೊರಗ ಕಳಸ್ರಿ, ನಾ ಹೋಗ್ತೀನಿ."

"ಕಣ್ಣಾರೆ ಕಂಡೀ ಏನು?" ಎಂದ ಹಿರಿಯ.

ಯಮನೂರಪ್ಪ ಹುಬ್ಬಿನ ಗಾಯ ತಡವಿಕೊಂಡ.

"ನಿನಗ ಕಣ್ಣಿಲ್ಲ ಅಂತ ಈ ಕಟ್ಟಿ ಮ್ಯಾಲ ಮೂರು ಸಲ ಖರೇ ಆಗೈತಿ," ಎಂದ ಹಿರಿಯ ಮೆತ್ತಗೆ. "ಕಾಣದವ ತಪ್ಪು ಹೇಳಾಕ ಬರೂದಿಲ್ಲ. ಕೂತ್ಕೋ."

ಮಗಳು ಅವನನ್ನು ಬಿಡಿಸಲು ಹೇಳಿದ ಮಾತೇ ಅವನ ಬಾಯಿ ಕಟ್ಟಿತು. ಅವನು ಮನೆಮನೆಗೆ ಹೋದ. ಚಾದಂಗಡಿಯವನು ಚಾ ಕೊಟ್ಟ. ಮಾಸ್ತರ ಹಿತ್ತಲಿಂದ ಹೋದ. ಹೊಸ ಗೋಲಿ ಕಲಿಯುತ್ತಿದ್ದಾಳೆ, ಎಂಥ ಧೈರ್ಯದ ಹುಡುಗಿ, ಯಾವ ಊರೂ ಇಂಥವಳನ್ನು ಕಂಡಿಲ್ಲ ಎಂದು ಊರು ಆಗಲೇ ಹೇಳಲು ಶುರು ಮಾಡಿತ್ತು.

ಯಮನೂರಪ್ಪ ಕಟ್ಟೆಯ ಮೂಲೆಯಲ್ಲಿ ಕೂತು ಕೇಳತೊಡಗಿದ. ನೋಡಲು ಏನೂ ಇಲ್ಲದವನಿಗೆ ಕೇಳುವುದೊಂದೇ ಕೆಲಸ. ಆಟದಿಂದ ಆಟಕ್ಕೆ ಬಲೆಗೆ ಬೀಳುವ ಚೆಂಡುಗಳ ಸದ್ದು ಕಡಿಮೆಯಾಗುವುದನ್ನು ಕೇಳಿದ. ಹೆಸರೆತ್ತದ ಮಾತುಗಳನ್ನೆಲ್ಲ ಕೇಳಿದ. ಒಬ್ಬರ ಮಾತಿನ ಕೊನೆಗೆ ಇನ್ನೊಬ್ಬರು ಗಂಟು ಹಾಕುವುದನ್ನು ಕೇಳಿದ. ಯಾರಾದರೂ ನಿಜದ ಹತ್ತಿರ ಬಂದರೆ ಎಲ್ಲರ ಉಸಿರು ನಿಲ್ಲುವುದನ್ನು ಕೇಳಿದ. ಅವರು ಎದ್ದು ಮನೆಗೆ ಹೋಗುವಾಗ ಕಾಲೆಳೆಯುವುದನ್ನು ಕೇಳಿದ. ಇವರೂ ಒಳಗಿದ್ದಾರೆ ಎಂದು ಅವನಿಗೆ ಅನಿಸಿತು.

ಒಂದು ಸಂಜೆ ಅವನು ಮತ್ತೆ ಸ್ಟಿಕ್ಕು ದಾಟಿದ.

"ಯಮನೂರಪ್ಪಾ, ಆವತ್ತನ ಹೇಳೀನಿ ನಿನಗ," ಎಂದ ಹಿರಿಯ.

"ಆಟಾ ನಾ ಕಂಡಿಲ್ಲ, ಖರೇ. ಆದ್ರ ಮಾತು ಕೇಳಾಕ ಕಣ್ಣು ಬೇಕಾಗಿಲ್ಲ. ಕಟ್ಟಿ ಆಡಿದ್ದನ್ನ ನಾ ಕಿವಿಯಾರೆ ಕೇಳೀನಿ. ತಪ್ಪು ಈ ಕಟ್ಟೀದು. ಗೊತ್ತಿದ್ದದ್ದನ್ನ ಹೇಳಲಿಲ್ಲ. ಹೊಗಳಿ ಹೊಗಳಿ ನನ್ನನ್ನ ಒಳಗಿಟ್ರಿ. ಈಗ ನನ್ನ ಮಗಳನ್ನ ಇಡ್ತೀರಿ."

ಹಿರಿಯ ಕೇಳಲೇಬೇಕಿತ್ತು. "ಹೇಳಿದ್ದು ಖರೇ ಏನು?"

ಮೂಲೆಯಿಂದ ಹಳೆಯ ಗೋಲಿಯ ಸಣ್ಣ ದನಿಯೊಂದೇ ಬಂತು. "ಖರೇ."

ಆಗ ಜನಕ್ಕೆ ಹೊಳೆಯಿತು. ಖರೇ ಎಂದರೆ ತಪ್ಪು ಮಾಡಿದವರು ಹೊರಗೆ ಹೋಗಬೇಕು. ತಾವು ಈ ಕಲ್ಲಿನಿಂದ ಎದ್ದು ಹೋಗಬಹುದು. ಹೋಗಬೇಕೆಂಬ ಆಸೆ ತಮಗಿತ್ತೆಂದು ಅವರಿಗೆ ಆ ಕ್ಷಣದವರೆಗೆ ಗೊತ್ತಿರಲಿಲ್ಲ. ಎರಡನೆಯ ಸಲ ಹಿರಿಯ ಕೇಳಿದಾಗ ಚಾದಂಗಡಿಯವನೂ ಮಾಸ್ತರನೂ ಖರೇ ಎಂದರು. ಮೂರನೆಯ ಸಲ ಎಲ್ಲರೂ ಎಂದರು, ಹಿರಿಯನೂ ಎಂದ.

ಅವರು ಒಬ್ಬೊಬ್ಬರಾಗಿ ಕೆಳಗಿಳಿದು ಹೋದರು. ನಿಯಮದಂತೆ ಅವರ ಜಾಗಕ್ಕೆ ಯಮನೂರಪ್ಪ ಕೂತ. ಅಷ್ಟು ಉದ್ದದ ಕಟ್ಟೆಯ ಮೇಲೆ ಅವನೊಬ್ಬ, ಅವನ ಮುಂದೆ ಆ ಸ್ಟಿಕ್ಕು. ಕೇಳುವವನೂ ಅವನೇ, ಉತ್ತರ ಹೇಳುವವನೂ ಅವನೇ, ಕಾಣುವ ಕಣ್ಣು ಮಾತ್ರ ಅಲ್ಲಿ ಇರಲಿಲ್ಲ. ಇನ್ನು ಯಾರ ತಪ್ಪನ್ನೂ ಯಾರೂ ಹೇಳುವ ಹಾಗಿಲ್ಲ, ಆ ಮನೆಯಿಂದ ಯಾರೂ ಬರುವ ಹಾಗಿಲ್ಲ. ತಾನು ಮಾಡಿದ್ದೇನೆಂದು ಅವನಿಗೆ ಅರ್ಥವಾದಾಗ ಊರಿನ ಬಾಗಿಲುಗಳು ಆಗಲೇ ಮುಚ್ಚಿದ್ದವು.

ಹಂಗಾಮಿನ ಕೊನೆಯ ಆಟ ಹಾಗೆಯೇ ನಡೆಯಿತು. ನೋಡುವವರು ಯಾರೂ ಇರಲಿಲ್ಲ. ಎದುರು ತಂಡದವರು ಖಾಲಿ ಕಟ್ಟೆ ನೋಡಿ ಬೆರಗಾದರು. ಯಮನೂರಪ್ಪನಿಗೆ ಸ್ಟಿಕ್ಕಿನ ಸದ್ದು ಕೇಳಿಸುತ್ತಿತ್ತು, ಓಡುವ ಕಾಲುಗಳ ಸದ್ದು ಕೇಳಿಸುತ್ತಿತ್ತು, ಪ್ಯಾಡಿಗೆ ಚೆಂಡು ಬಡಿಯುವ ದಪ್ಪ ಸದ್ದು ಮತ್ತೆ ಮತ್ತೆ ಕೇಳಿಸುತ್ತಿತ್ತು. ಬಲೆಗೆ ಬಿದ್ದ ಚೆಂಡಿನ ಸದ್ದು ಹೇಗಿರುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅದಕ್ಕಾಗಿ ಕಾದ. ಅದು ಕೇಳಲಿಲ್ಲ.

ಆಟ ಮುಗಿದು ಎದುರು ತಂಡ ಹೊರಟು ಹೋಯಿತು.

"ಏನಾತು? ಯಾರರ ಬಂದು ಹೇಳ್ರಿ," ಎಂದು ಅವನು ಮೈದಾನದ ಕಡೆ ಕೂಗಿದ.

ತಂಡದವರು ಕಟ್ಟೆಯ ಹತ್ತಿರ ಬರುವಂತಿರಲಿಲ್ಲ. ಆದರೆ ಬೇಡವೆನ್ನುವವರು ಈಗ ಯಾರೂ ಇರಲಿಲ್ಲ. ತಲೆ ಬೆಳ್ಳಗಾದ ಎಡಗಡೆಯವನು ಮೊದಲು ಬಂದ. ಉಳಿದವರು ಅವನ ಹಿಂದೆ ಬಂದರು.

"ಸರಿಸಮ ಆತು. ಅವರೂ ಹೊಡೀಲಿಲ್ಲ, ನಾವೂ ಹೊಡೀಲಿಲ್ಲ," ಎಂದ. "ಗೆಲ್ಲಬೋದಿತ್ತು. ತೆರೆದ ಗೋಲಿನ ಮುಂದ ಚೆಂಡು ಸಿಕ್ಕಿತ್ತು. ಹೊರಗ ಹೋತು."

"ಯಾರ ತಪ್ಪು?"

ಎಡಗಡೆಯವನು ಕಾಲೆತ್ತಿ ಸ್ಟಿಕ್ಕು ದಾಟಿದ. "ನಂದ. ನಾ ಕಣ್ಣಾರೆ ಕಂಡೀನಿ."

ಯಮನೂರಪ್ಪ ಮೂರು ಸಲ ಕೇಳಿದ. ಹಿಂದೆ ನಿಂತವರು ಮೂರು ಸಲ ಖರೇ ಎಂದರು.

"ಹಂಗಾದ್ರ ತಪ್ಪು ಮಾಡಿದ ನೀ ಹೊರಗ ಬರಬೇಕು," ಎಂದ ಯಮನೂರಪ್ಪ ನಿಧಾನವಾಗಿ. "ತಪ್ಪು ಹೇಳಿದ ನೀನ ಒಳಗ ಹೋಗಬೇಕು."

"ಹೌದು ನೋಡು. ಹೆಂಗ ಇದು?"

"ಮದಲ ಹೊರಗ ಬಾ. ಮನಿಗೆ ಹೋಗು, ಹೆಂಡತಿ ಕೂಡ ಉಣ್ಣು. ಮುಂದಿನ ಆಟ ಬಂದಾಗ ಒಳಗ ಹೋಗೀಯಂತ. ಯಾವಾಗ ಹೋಗಬೇಕು ಅಂತ ನಿಯಮದಾಗ ಹೇಳಿಲ್ಲ."

ಎಡಗಡೆಯವನು ಮೈದಾನ ದಾಟಿ ಒಂದು ಮನೆಯ ಮುಂದೆ ನಿಂತು ಬಾಗಿಲು ಬಡಿದ. ತೆರೆದ ಹೆಂಗಸು ಅವನನ್ನು ನೋಡುತ್ತ ನಿಂತಳು. ಅವನು ತನ್ನ ಹೆಸರು ಹೇಳಿದ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಪಕ್ಕಕ್ಕೆ ಸರಿದಳು.

ಅದನ್ನು ಕಂಡು ಉಳಿದವರೂ ದಾಟಿದರು. ನಡುವಿನವನು ತಾನು ಓಡದೆ ನಿಂತದ್ದನ್ನು ಹೇಳಿದ. ಹಿಂದಿನವನು ಎದುರಾಳಿಯನ್ನು ಬಿಟ್ಟದ್ದನ್ನು ಹೇಳಿದ. ಹೇಳಲು ಎಲ್ಲರಿಗೂ ಒಂದೊಂದು ಇತ್ತು. ಒಬ್ಬೊಬ್ಬರಾಗಿ ಅವರು ಮನೆಗಳ ಕಡೆ ನಡೆದರು. ಕೊನೆಗೆ ಸ್ಟಿಕ್ಕಿನ ಮುಂದೆ ಪ್ಯಾಡು ಕಟ್ಟಿಕೊಂಡ ರಾಚವ್ವ ಒಬ್ಬಳು ಉಳಿದಳು.

"ಹೇಳವ್ವಾ," ಎಂದ ಅಪ್ಪ. "ಸಣ್ಣದಾದ್ರೂ ನಡೀತೈತಿ. ಹೇಳಿ ಮನಿಗೆ ನಡಿ."

ಅವಳು ಆಟವನ್ನೆಲ್ಲ ಮನಸ್ಸಿನಲ್ಲಿ ತಿರುವಿ ಹಾಕಿದಳು. ಬಲಕ್ಕೆ ಬಂದದ್ದು, ಎಡಕ್ಕೆ ಬಂದದ್ದು, ಕಾಲ ಬಳಿ ಉರುಳಿದ್ದು, ಎದೆಗೆ ಹಾರಿದ್ದು.

"ಇಲ್ಲ ಅಪ್ಪಾ."

"ಏನಿಲ್ಲ?"

"ತಪ್ಪಿಲ್ಲ. ಇವತ್ತ ನಾ ಒಂದೂ ಬಿಟ್ಟಿಲ್ಲ."

"ಎಲ್ಲೋ ಒಂದ ಹೆಜ್ಜಿ ತಡಾ ಆಗಿರ್ತೈತಿ."

"ಆಗಿಲ್ಲ."

ಅವನು ಕೈ ಚಾಚಿ ಗಾಳಿಯಲ್ಲಿ ಅವಳನ್ನು ಹುಡುಕಿದ. "ಸುಳ್ಳರ ಹೇಳು. ಯಾರೂ ನೋಡಿಲ್ಲ, ನನಗೂ ಕಂಡಿಲ್ಲ. ಖರೇ ಅಂತ ನಾನ ಮೂರು ಸಲ ಅಂತೀನಿ. ಒಂದ ಮಾತು ರಾಚವ್ವಾ."

"ಯಾರೂ ನೋಡಿಲ್ಲ ಅಂತನ ಹೇಳಾಕ ಆಗವಲ್ದು. ನಾನಾದ್ರೂ ನೋಡೀನಲ್ಲ," ಎಂದಳು ಅವಳು. "ನಿನ್ನನ್ನ ಸುಳ್ಳು ಹೇಳಿ ಒಳಗಿಟ್ಟಿದ್ರು. ನಾ ಸುಳ್ಳು ಹೇಳಿ ಹೊರಗ ಬರೂದಿಲ್ಲ."

ಯಮನೂರಪ್ಪ ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡ. ಆಮೇಲೆ, "ಹೆಂಗ ಹಿಡಿದಿ? ಹೇಳು," ಎಂದ.

ಅವಳು ಸ್ಟಿಕ್ಕಿನ ಈಚೆಗೆ ನೆಲದ ಮೇಲೆ ಕೂತು ಹೇಳಿದಳು. ಒಂದೊಂದು ಚೆಂಡನ್ನೂ ಹೇಳಿದಳು, ಎಲ್ಲಿಂದ ಬಂತು, ತಾನೆಲ್ಲಿದ್ದೆ, ಯಾವ ಕಾಲು ಮುಂದಿಟ್ಟೆ. ಕೇಳುತ್ತ ಕೇಳುತ್ತ ಅವನ ಭುಜ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತಿತ್ತು. ಅಪ್ಪ ಮಗಳ ನಡುವೆ ಪೂರ್ತಿಯಾದ ಮೊದಲ ಮಾತು ಅದು.

ಹೇಳಿ ಮುಗಿದ ಮೇಲೆ ಅವಳು ಎದ್ದಳು, ಸೀರೆಯ ಧೂಳು ಕೊಡವಿದಳು, ತಂಡದ ಮನೆಯ ಕಡೆ ನಡೆದಳು. ಹೋಗೆಂದು ಯಾರೂ ಹೇಳಿರಲಿಲ್ಲ. ಒಳಗೆ, ಮನೆಗೆ ಹೋದ ಆಟಗಾರರ ಚಾಪೆಗಳೆಲ್ಲ ಸುತ್ತಿಕೊಂಡು ಗೋಡೆಗೆ ಒರಗಿದ್ದವು. ಅವಳು ತನ್ನ ಕೈಯಿಂದಲೇ ಬಾಗಿಲು ಎಳೆದುಕೊಂಡಳು.

ಆಗ ಕಟ್ಟೆಯ ಕಡೆಯಿಂದ ಚಪ್ಪಾಳೆ ಕೇಳಿಸಿತು. ಅವನೊಬ್ಬನೇ ತಟ್ಟುತ್ತಿದ್ದ. ಖಾಲಿ ಮೈದಾನ ದಾಟಿ ಅದು ಬಹಳ ಹೊತ್ತು ಬರುತ್ತಲೇ ಇತ್ತು, ಅವಳು ಪ್ಯಾಡು ಬಿಚ್ಚದೆ ಬಾಗಿಲಿಗೆ ಒರಗಿ ಅದನ್ನು ಕೇಳುತ್ತ ನಿಂತಿದ್ದಳು.